ಸ್ಪೆಕ್ಲುಮ್ ಅನ್ನಬೇಡ, ಸ್ಪೆಕುಲುಮ್ ಅನ್ನು

ನಮ್ಮ ಅಜ್ಜಿಗೆ ಮನೆಯಲ್ಲಿ ಕೊಂಕಣಿ, ಮೀನಿನವಳ ಹತ್ತಿರ ತುಳು, ಬಸ್ಸಿನ ಕಂಡಕ್ಟರನ ಹತ್ತಿರ ಕನ್ನಡ. ದೇವರ ಹತ್ತಿರ ಮಾತ್ರ ಲ್ಯಾಟಿನ್. ಸಂಜೆಯ ತೇರ್ಸ್, ಅಂದರೆ ಜಪಮಾಲೆಯ ಪ್ರಾರ್ಥನೆ, ಮುಗಿದು ನಾವು ಮಕ್ಕಳೆಲ್ಲ ಊಟಕ್ಕೆ ಓಡಿದ ಮೇಲೆ ಒಬ್ಬಳೇ ಕೂತು "ಪಾತೆರ್ ನೋಸ್ತೆರ್, ಕ್ವಿ ಎಸ್ ಇನ್ ಚೇಲಿಸ್" ಎಂದು ಶುರು ಮಾಡುತ್ತಿದ್ದಳು. 1960ರ ದಶಕದಲ್ಲಿ ಕ್ಯಾಥೊಲಿಕರ ಎರಡನೇ ವ್ಯಾಟಿಕನ್ ಮಹಾಸಭೆ ಪೂಜೆಗೆ ಆಯಾ ಊರಿನ ಭಾಷೆ ಆಗಬಹುದು ಎಂದಿತು, ಇಗರ್ಜಿಯಲ್ಲಿ ಕೊಂಕಣಿ ಬಂತು. ಅಜ್ಜಿಯ ಬಾಯಲ್ಲಿ ಮಾತ್ರ ಹಳೆಯದೇ ಉಳಿಯಿತು. "ಅರ್ಥ ಏನು ಅಜ್ಜೀ?" ಎಂದರೆ "ದೇವರಿಗೆ ಗೊತ್ತುಂಟು" ಎನ್ನುತ್ತಿದ್ದಳು.

ಅರ್ಥ ದೊಡ್ಡದೇನಲ್ಲ: ಸ್ವರ್ಗದಲ್ಲಿರುವ ನಮ್ಮ ತಂದೆಯೇ. ನನ್ನ ತಲೆಯಲ್ಲಿ ವರ್ಷಗಟ್ಟಲೆ ಕೂತದ್ದು ಆ "ಚೇಲಿಸ್". ಮುಂದೆ ಹವ್ಯಾಸಕ್ಕೆಂದು ಲ್ಯಾಟಿನ್ ಕಲಿಯಲು ಹೊರಟಾಗ ಮೊದಲ ಪಾಠದಲ್ಲೇ ಗೊತ್ತಾಯಿತು, ಹೆಸರಾಂತ ವಾಗ್ಮಿ ಸಿಸೆರೊ ಬದುಕಿದ್ದ ಕಾಲದ ರೋಮಿನಲ್ಲಿ ಆ ಪದ "ಕೈಲಿಸ್" ಎಂದು. ಸಿಸೆರೊ ಕೂಡ ಸಿಸೆರೊ ಅಲ್ಲ, ಚಿಚೆರೊ ಅಲ್ಲ, ಕಿಕೆರೊ. ಗ್ರೀಕರು ಅವನ ಹೆಸರನ್ನು ತಮ್ಮ 'ಕಪ್ಪಾ' ಅಕ್ಷರದಲ್ಲೇ ಬರೆದಿದ್ದಾರೆ. ರೋಮನರ 'ಕೈಸರ್' ಜರ್ಮನರ ಬಾಯಿಗೆ ಬಿದ್ದು ಇವತ್ತಿಗೂ ಕೈಸರ್ ಆಗಿಯೇ ಉಳಿದಿದ್ದಾನೆ. ಹಾಗಾದರೆ ಅಜ್ಜಿಗೆ ಈ ಚಕಾರ ಎಲ್ಲಿಂದ ಬಂತು? ಇಟಲಿಯಿಂದಲೇ. 1878ರ ಕೊನೆಯಲ್ಲಿ ಮಂಗಳೂರಿಗೆ ಬಂದಿಳಿದ ಜೆಸ್ವಿತ್ ಪಾದ್ರಿಗಳಲ್ಲಿ ಹೆಚ್ಚಿನವರು ಇಟಾಲಿಯನರು. ಮುಂದೆ ಸಂತ ಅಲೋಶಿಯಸ್ ಚಾಪೆಲಿನ ಗೋಡೆ ತುಂಬ ಚಿತ್ರ ಬರೆದ ಅಂತೋನಿಯೊ ಮೊಸ್ಕೇನಿಯೂ ಇಟಲಿಯಿಂದ ಬಂದ ಜೆಸ್ವಿತನೇ. ಅವರು ಓದುತ್ತಿದ್ದ ಪುಸ್ತಕ ಲ್ಯಾಟಿನಿನದು, ಓದುತ್ತಿದ್ದ ನಾಲಗೆ ಇಟಲಿಯದು. ಅಜ್ಜಿ ಕಲಿತದ್ದು ಪುಸ್ತಕದ ಅಕ್ಷರವನ್ನು ಆ ನಾಲಗೆಯ ಮೇಲೆ.

ಎ, ಇ ಸ್ವರಗಳ ಮುಂದೆ ಬಂದ ಕಕಾರ ಚಕಾರಕ್ಕೆ ಜಾರುವುದು ನಮಗೆ ಹೊಸದಲ್ಲ. ನಮ್ಮ ಕಿವಿ ತಮಿಳಿನಲ್ಲೂ ತೆಲುಗಿನಲ್ಲೂ ಚೆವಿ. ನಮ್ಮ ಕೆರೆ ತೆಲುಗಿನಲ್ಲಿ ಚೆರುವು. ಅವರಿಬ್ಬರೂ ಜಾರಿದರು, ಕನ್ನಡ ಜಾರಲಿಲ್ಲ. ಲ್ಯಾಟಿನ್ ಕುಟುಂಬದಲ್ಲಿ ಆ ಕನ್ನಡದ ಜಾಗದಲ್ಲಿ ಕೂತಿರುವುದು ಸಾರ್ಡೀನಿಯ ದ್ವೀಪ. ಅಲ್ಲಿಯ ಒಳನಾಡಿನ ಹಳ್ಳಿಗಳಲ್ಲಿ ನೂರಕ್ಕೆ ಇನ್ನೂ "ಕೆಂತು", ಆಕಾಶಕ್ಕೆ "ಕೆಲು". ರೋಮ್ ನಗರದಲ್ಲಿ ಎಂದೋ ಅಳಿದುಹೋದ ಕಕಾರವನ್ನು ಕುರುಬರು ಇಟ್ಟುಕೊಂಡಿದ್ದಾರೆ.

ಈ ಒಂದು ಅಕ್ಷರದ ಹಿಂದೆ ಬಿದ್ದು ನಾನು ಕಳೆದ ಸಮಯಕ್ಕೆ ಲೆಕ್ಕವಿಲ್ಲ. ಕೆಲಸದ ನಿಮಿತ್ತ ಇಟಲಿಯ ಟುರಿನ್‌ನಲ್ಲಿ ಎರಡು ವರ್ಷ ಇದ್ದಾಗ ಹುಚ್ಚು ಇನ್ನೂ ಹೆಚ್ಚಾಯಿತು. "ಲ್ಯಾಟಿನ್ ಯಾವಾಗ ಇಟಾಲಿಯನ್ ಆಯಿತು?" ಎಂದು ಕೇಳಿದರೆ ಯಾರಿಗೂ ಒಂದು ತಾರೀಖು ಹೇಳಲು ಬರುವುದಿಲ್ಲ. ಲ್ಯಾಟಿನ್ ತಾಯಿ, ಇಟಾಲಿಯನ್ ಮಗಳು ಎಂದು ಪುಸ್ತಕಗಳು ಹೇಳುತ್ತವೆ. ನನಗೆ ಆ ಮಾತು ಒಗ್ಗುವುದಿಲ್ಲ. ಮಗಳು ಅಂದ ಮೇಲೆ ಹೆತ್ತ ದಿನ ಅಂತ ಒಂದು ಇರಬೇಕಲ್ಲ. ಇಲ್ಲಿ ಯಾವ ಮಗುವಿಗೂ ಅದರ ತಾಯಿಯ ಮಾತು ತಿಳಿಯದೇ ಹೋದ ದಿನ ಬರಲಿಲ್ಲ. ಪ್ರತಿ ತಲೆಮಾರೂ ಅಪ್ಪ ಅಮ್ಮ ಆಡಿದ್ದನ್ನೇ ಆಡುತ್ತಿದ್ದೇವೆ ಎಂದುಕೊಂಡೇ ಬಂತು. ಸಾವಿರ ವರ್ಷ ಕಳೆದು ಹಿಂತಿರುಗಿ ನೋಡಿದರೆ ಇನ್ನೊಂದು ಭಾಷೆಯಲ್ಲಿ ನಿಂತಿದ್ದರು.

ಅವರು ನಡೆದು ಬಂದ ದಾರಿಯನ್ನು ಕಾಣುವುದೂ ಸುಲಭವಲ್ಲ. ಬರೆಯಲು ಬಲ್ಲವರು ಶುದ್ಧವಾಗಿ ಬರೆದರು, ಅಶುದ್ಧವಾಗಿ ಮಾತಾಡಿದವರಿಗೆ ಬರೆಯಲು ಬರುತ್ತಿರಲಿಲ್ಲ. ಹಾಗಾಗಿ ಜನರ ಬಾಯಿಮಾತು ನಮಗೆ ಸಿಗುವುದು ಎಡವಿದ ಕಡೆಗಳಲ್ಲಿ ಮಾತ್ರ: ಯಾರೋ ತಪ್ಪು ಬರೆದಿರಬೇಕು, ಇಲ್ಲವೇ ಇನ್ಯಾರೋ ಆ ತಪ್ಪಿಗೆ ಬೈದಿರಬೇಕು.

ಬೈದವರಲ್ಲಿ ನನಗೆ ಅತಿ ಪ್ರಿಯನಾದವನು ಒಬ್ಬ ಹೆಸರಿಲ್ಲದ ಮೇಷ್ಟ್ರು. ರೋಮನ್ ಸಾಮ್ರಾಜ್ಯದ ಇಳಿಗಾಲದವನು. ಅವನ ಪಟ್ಟಿಯೊಂದು ಉತ್ತರ ಇಟಲಿಯ ಬೊಬ್ಬಿಯೊ ಮಠದಲ್ಲಿ ಪ್ರತಿಯಾಗಿ, ಈಗ ನೇಪಲ್ಸಿನ ಗ್ರಂಥಾಲಯದಲ್ಲಿದೆ. ಪ್ರೋಬುಸ್ ಎಂಬ ವೈಯಾಕರಣನ ಹೆಸರಿನ ಬರಹಗಳ ಜೊತೆ ಹೊಲಿದುಕೊಂಡು ಬಂದದ್ದರಿಂದ ಅದಕ್ಕೆ 'ಪ್ರೋಬುಸನ ಅನುಬಂಧ' ಎಂಬ ಹೆಸರು. 227 ಸಾಲು. ಪ್ರತಿ ಸಾಲಿನ ಅಚ್ಚೂ ಒಂದೇ: ಹೀಗೆ ಅನ್ನು, ಹಾಗೆ ಅನ್ನಬೇಡ.

ಕನ್ನಡಿಗೆ 'ಸ್ಪೆಕುಲುಮ್' ಅನ್ನು, 'ಸ್ಪೆಕ್ಲುಮ್' ಅನ್ನಬೇಡ. ಮುದುಕನಿಗೆ 'ವೆತುಲುಸ್', 'ವೆಕ್ಲುಸ್' ಅಲ್ಲ. ಕಿವಿಗೆ 'ಔರಿಸ್', 'ಓರಿಕ್ಲಾ' ಅಲ್ಲ. ಬಿಸಿಯದಕ್ಕೆ 'ಕಾಲಿದಾ', 'ಕಾಲ್ದಾ' ಅಲ್ಲ. ಹಸಿರಿಗೆ 'ವಿರಿದಿಸ್', 'ವಿರ್ದಿಸ್' ಅಲ್ಲ. ಸೊಸೆಗೆ 'ನುರುಸ್', 'ನುರಾ' ಅಲ್ಲ.

ಈಗ ಇಟಲಿಗೆ ಹೋಗಿ ನೋಡಿ. ಕನ್ನಡಿ ಸ್ಪೆಕ್ಕಿಯೊ, ಮುದುಕ ವೆಕ್ಕಿಯೊ, ಕಿವಿ ಒರೆಕ್ಕಿಯೊ, ಬಿಸಿ ಕಾಲ್ದೊ, ಹಸಿರು ವೆರ್ದೆ, ಸೊಸೆ ನ್ವೋರಾ. ಮೇಷ್ಟ್ರು ಯಾವುದನ್ನು ಅನ್ನಬೇಡ ಎಂದು ಬೆತ್ತ ಝಳಪಿಸಿದನೋ ಅದೇ ಇಂದು ಇಟಲಿಯ ಶಾಲೆಗಳಲ್ಲಿ ಶುದ್ಧ ಭಾಷೆ. (ಅವನು ತಿದ್ದಿದ್ದೆಲ್ಲ ಹೀಗೇ ಆಯಿತು ಎಂದಲ್ಲ. ಪಟ್ಟಿಯ ಎಷ್ಟೋ ತಪ್ಪುಗಳು ತಪ್ಪುಗಳಾಗಿಯೇ ಸತ್ತವು. ಗೆದ್ದವಷ್ಟೇ ನಮ್ಮ ಕಣ್ಣಿಗೆ ಬೀಳುವುದು.) ನಮ್ಮ ವೈಯಾಕರಣ ಕೇಶಿರಾಜ 13ನೇ ಶತಮಾನದಲ್ಲಿ ಯಾವ ಯಾವ ಪದಕ್ಕೆ ಹಳಗನ್ನಡದ ೞಕಾರ ಎಂದು ಪಟ್ಟಿ ಕೊಡುತ್ತಾನಲ್ಲ, ಅದನ್ನು ನೋಡಿದಾಗಲೂ ನನಗೆ ಈ ಮೇಷ್ಟ್ರ ನೆನಪಾಗುತ್ತದೆ. ಜನ ಸರಿಯಾಗಿ ಹೇಳುತ್ತಿದ್ದರೆ ಪಟ್ಟಿ ಯಾಕೆ ಬೇಕಿತ್ತು?

ಇದಕ್ಕೂ ಬಹಳ ಹಿಂದೆ, ಕ್ರಿಸ್ತಪೂರ್ವ ಮೊದಲ ಶತಮಾನದಲ್ಲೇ, ಕವಿ ಕಾತುಲ್ಲುಸ್ ಒಬ್ಬ ಅರ್ರಿಯುಸನನ್ನು ಗೇಲಿ ಮಾಡಿದ್ದ. ಈ ಅರ್ರಿಯುಸ್ ಬೇಡದ ಕಡೆಯೆಲ್ಲ ಹಕಾರ ಸೇರಿಸುವವನು. 'ಇನ್ಸಿದಿಯಾಸ್' ಎಂಬುದಕ್ಕೆ 'ಹಿನ್ಸಿದಿಯಾಸ್' ಎನ್ನುವವನು. ಹಾಲನ್ನು ಆಲು ಮಾಡಿ, ಆಸ್ಪತ್ರೆಯನ್ನು ಹಾಸ್ಪತ್ರೆ ಮಾಡುವ ಅಕಾರ-ಹಕಾರದ ಜೋಕು ನಮಗೇನು ಹೊಸದೇ? ಅರ್ರಿಯುಸನ ಸುತ್ತಲಿನವರ ಬಾಯಲ್ಲಿ ಹಕಾರ ಆಗಲೇ ಉದುರುತ್ತಿತ್ತು. ದೊಡ್ಡವರ ಹಾಗೆ ಕಾಣಿಸಿಕೊಳ್ಳಬೇಕೆಂಬ ಆಸೆಗೆ ಬಿದ್ದು ಅವನು ಇಲ್ಲದ ಕಡೆಗೂ ಅಂಟಿಸಿದ. ಇಂದಿನ ಇಟಾಲಿಯನಿನಲ್ಲಿ ಎಚ್ ಎಂಬ ಅಕ್ಷರ ಬರವಣಿಗೆಯಲ್ಲಿದೆ, ಉಸಿರು ಇಲ್ಲ.

ಪೊಂಪೇಯಿಯ ಗೋಡೆಗಳಲ್ಲಿ ಬೈಯುವವರೂ ಇಲ್ಲ, ತಿದ್ದುವವರೂ ಇಲ್ಲ. ಕ್ರಿಸ್ತಶಕ 79ರಲ್ಲಿ ವೆಸೂವಿಯಸ್ ಜ್ವಾಲಾಮುಖಿ ಬೂದಿ ಸುರಿದು ಊರನ್ನೇ ಮುಚ್ಚಿತು, ಗೋಡೆಬರಹಗಳೂ ಬೂದಿಯಡಿಯಲ್ಲಿ ಹಾಗೆಯೇ ಉಳಿದವು. ಒಬ್ಬ ಪ್ರೇಮಿ ಗೀಚಿದ್ದಾನೆ: "ಕ್ವಿಸ್ಕ್ವಿಸ್ ಅಮಾ ವಾಲಿಯಾ, ಪೆರಿಯಾ ಕ್ವಿ ನೋಸ್ಕಿ ಅಮಾರೆ." ಒಲಿದವರು ಬಾಳಲಿ, ಒಲಿಯಲು ಅರಿಯದವರು ಹಾಳಾಗಲಿ. ವ್ಯಾಕರಣದ ಪ್ರಕಾರ ಅಮಾತ್, ವಾಲೆಯಾತ್, ಪೆರೆಯಾತ್ ಎಂದಿರಬೇಕು. ಕೊನೆಯ ತಕಾರ ಎಲ್ಲ ಕಡೆಯೂ ಹಾರಿಹೋಗಿದೆ. ಇಂದಿನ ಇಟಾಲಿಯನಿನಲ್ಲಿ 'ಅವನು ಪ್ರೀತಿಸುತ್ತಾನೆ' ಎಂಬುದಕ್ಕೆ ಪದ 'ಅಮಾ'. ಸಾಮ್ರಾಜ್ಯ ಇನ್ನೂ ಏರುಗಾಲದಲ್ಲಿದ್ದಾಗಲೇ ಒಂದು ಸಣ್ಣ ಊರಿನ ಗೋಡೆಯ ಮೇಲೆ ಇಟಾಲಿಯನಿನ ಒಂದು ಕ್ರಿಯಾಪದ ಕೂತಿತ್ತು. ರೋಮ್ ಬಿದ್ದು, ಗೋಥರು, ಲಾಂಗೊಬಾರ್ಡರು ಎಂಬ ಜರ್ಮನಿಕ್ ಪಂಗಡದವರು ಬಂದು ಲ್ಯಾಟಿನನ್ನು ಕೆಡಿಸಿದರು ಎಂಬ ಕಥೆಯನ್ನು ಯಾರಾದರೂ ಹೇಳಿದರೆ ನಾನು ಈ ಪ್ರೇಮಿಯನ್ನು ತೋರಿಸುತ್ತೇನೆ. 568ರಲ್ಲಿ ಬಂದ ಲಾಂಗೊಬಾರ್ಡರು ಬಿಟ್ಟುಹೋದದ್ದು ಕೆನ್ನೆ, ಬೆನ್ನಿನಂಥ ಕೆಲವು ಪದಗಳನ್ನು: ಗ್ವಾಂಚಾ, ಸ್ಕಿಯೇನಾ. ಭಾಷೆಯ ಬೆನ್ನುಮೂಳೆ ಅದಕ್ಕೂ ಮುಂಚೆಯೇ ತನ್ನಷ್ಟಕ್ಕೆ ಬಾಗಿತ್ತು.

ಪದಗಳ ಕೊನೆ ಸವೆಯುವುದು ಸಣ್ಣ ಸಂಗತಿಯಂತೆ ಕಾಣುತ್ತದೆ. ಲ್ಯಾಟಿನಿಗೆ ಅದು ಪ್ರಾಣಕ್ಕೇ ಬಂತು, ಏಕೆಂದರೆ ಅದರ ವಿಭಕ್ತಿಗಳೆಲ್ಲ ಇದ್ದದ್ದು ಆ ಕೊನೆಯಲ್ಲಿ. ಗುಲಾಬಿ 'ರೋಸ', ಗುಲಾಬಿಯನ್ನು 'ರೋಸಮ್', ಗುಲಾಬಿಯಿಂದ ಅಂದರೆ ಕೊನೆಯ ಸ್ವರ ದೀರ್ಘವಾಗಿ 'ರೋಸಾ'. ಮಕಾರ ಉದುರಿತು. ಹ್ರಸ್ವ-ದೀರ್ಘದ ಭೇದವೂ ಹೋಯಿತು. ಮೂರೂ ಒಂದೇ ಪದವಾಗಿ ಕೂತವು. ನಮ್ಮಲ್ಲಿ ರಾಮನು, ರಾಮನನ್ನು, ರಾಮನಿಂದ ಮೂರೂ ಬರೇ 'ರಾಮ' ಆಗಿಬಿಟ್ಟರೆ ಯಾರು ಯಾರಿಗೆ ಹೊಡೆದರೆಂದು ತಿಳಿಯುವುದು ಹೇಗೆ? ಒಂದೋ ಪದಗಳ ಸ್ಥಾನ ಗಟ್ಟಿಯಾಗಬೇಕು, ಇಲ್ಲವೇ ಮುಂದೆ ಏನಾದರೂ ಊರುಗೋಲು ಬೇಕು. ಇಟಾಲಿಯನ್ ಎರಡನ್ನೂ ಮಾಡಿತು. ಷಷ್ಠಿಗೆ ಹಿಂದೆ ಪ್ರತ್ಯಯವಿತ್ತು, ಈಗ ಪದದ ಮುಂದೆ ಒಂದು 'ದಿ' ಬಂದು ನಿಂತಿತು. 'ಅದು' ಎಂಬರ್ಥದ 'ಇಲ್ಲೆ', 'ಇಲ್ಲಾ' ಎಂಬ ಸರ್ವನಾಮಗಳು ಸವೆದು 'ಇಲ್', 'ಲಾ' ಆಗಿ, ಲ್ಯಾಟಿನಿನಲ್ಲಿ ಇಲ್ಲವೇ ಇಲ್ಲದಿದ್ದ ಉಪಪದಗಳಾದವು, ಇಂಗ್ಲಿಷಿನ 'ದಿ' (the) ಇದ್ದ ಹಾಗೆ.

ಭವಿಷ್ಯತ್ ಕಾಲದ ಕಥೆ ದಕ್ಷಿಣ ಕನ್ನಡದವರಿಗೆ ಬೇಗ ಹೊಳೆಯುತ್ತದೆ. ಹಳೆಯ ಲ್ಯಾಟಿನಿನಲ್ಲಿ ಹಾಡುವೆನು ಎಂಬುದಕ್ಕೆ 'ಕಾಂತಾಬೊ'. ಜನ ಅದನ್ನು ಬಿಟ್ಟು 'ಕಾಂತಾರೆ ಹಾಬೆಯೊ' ಎನ್ನತೊಡಗಿದರು. ಪದಕ್ಕೆ ಪದ ಇಟ್ಟರೆ 'ನನಗೆ ಹಾಡಲಿಕ್ಕುಂಟು'. ನಾವು "ನಾಳೆ ಉಡುಪಿಗೆ ಹೋಗ್ಲಿಕ್ಕುಂಟು" ಎನ್ನುತ್ತೇವಲ್ಲ, ಅದೇ. ಆ 'ಹಾಬೆಯೊ' ಉಜ್ಜಿ ಉಜ್ಜಿ ಹಿಂದಿನ ಪದಕ್ಕೆ ಅಂಟಿ ಇಂದಿನ 'ಕಾಂತೆರೋ' ಆಗಿದೆ. ಕೊನೆಯ ಆ ಒಂದು ಓಕಾರದಲ್ಲಿ 'ಉಂಟು' ಅಡಗಿ ಕೂತಿದೆ ಎಂದು ಗೊತ್ತಾದ ದಿನ ನನಗೆ ನಿದ್ದೆ ಬರಲಿಲ್ಲ, ಸುಳ್ಳಲ್ಲ.

ಪದಗಳಲ್ಲೂ ಗೆದ್ದದ್ದು ಬೀದಿ. ಪಂಡಿತರ ಕುದುರೆ 'ಎಕ್ವುಸ್' ಹೋಗಿ, ಹೇರು ಹೊರುವ ತಟ್ಟು 'ಕಬಾಲ್ಲುಸ್' ಬಂತು, ಅದೇ ಇಂದಿನ ಕವಾಲ್ಲೊ. ಮನೆಗೆ 'ದೋಮುಸ್' ಹೋಗಿ ಗುಡಿಸಲೆಂಬ ಅರ್ಥದ 'ಕಾಸಾ'. ಬೆಂಕಿಗೆ ಒಲೆಯ ಹೆಸರು, ಬಾಯಿಗೆ ಉಬ್ಬಿದ ಕೆನ್ನೆಯ ಹೆಸರು. ತಲೆಗೆ 'ಕಾಪುತ್' ಇದ್ದದ್ದು ಸಾಲದೆಂದು 'ತೆಸ್ತಾ' ಎಂದರು, ಅಂದರೆ ಮಣ್ಣಿನ ಮಡಕೆ. ಸೋರೆ ಬುರುಡೆಯನ್ನು ತಲೆಬುರುಡೆ ಮಾಡಿದ ನಮಗೆ ಇದನ್ನು ಯಾರೂ ವಿವರಿಸಬೇಕಾಗಿಲ್ಲ. ನನಗೆ ಎಲ್ಲಕ್ಕಿಂತ ಇಷ್ಟವಾದದ್ದು ಪಿತ್ತಜನಕಾಂಗ. ರೋಮನರು ಪ್ರಾಣಿಗಳಿಗೆ ಅಂಜೂರ ತಿನ್ನಿಸಿ ಕೊಬ್ಬಿಸಿ ಅವುಗಳ ಲಿವರ್ ತಿನ್ನುತ್ತಿದ್ದರು. ಅದು 'ಇಯೆಕುರ್ ಫಿಕಾತುಮ್', ಅಂಜೂರದ ಲಿವರ್. ಮಾತಿನ ಓಟದಲ್ಲಿ ಲಿವರ್ ಬಿದ್ದುಹೋಗಿ ಅಂಜೂರ ಮಾತ್ರ ಉಳಿಯಿತು. ಇಂದು ಇಟಲಿಯ ಡಾಕ್ಟರರು 'ಫೇಗತೊ' ಎಂದು ಬರೆಯುವಾಗ ಅದರೊಳಗೆ ಇರುವುದು ಹಣ್ಣು.

ವ್ಯಂಜನಗಳಲ್ಲಿ ನಡೆದದ್ದನ್ನು ನೋಡಿದಾಗ ನನಗೆ ಹೈಸ್ಕೂಲಿನ ತತ್ಸಮ-ತದ್ಭವದ ಪಾಠವೇ ಮರಳಿ ಬಂದ ಹಾಗಾಯಿತು. ಸಪ್ತ ಪಾಳಿಯಲ್ಲಿ ಸತ್ತ, ಸೆಪ್ತೆಮ್ ಇಟಾಲಿಯನಿನಲ್ಲಿ ಸೆತ್ತೆ. ಅಷ್ಟ ಅಲ್ಲಿ ಅಟ್ಠ, ಒಕ್ತೊ ಇಲ್ಲಿ ಒತ್ತೊ. ನಮ್ಮ ಮುಕ್ತಾ ಮುತ್ತು ಆದ ಹಾಗೆ ಅವರ ಹಾಲು 'ಲಾಕ್ತೆ' ಹೋಗಿ 'ಲಾತ್ತೆ' ಆಯಿತು. ಕೆಫೆಗಳಲ್ಲಿ ನಾವು ಕೇಳುವ ಅದೇ ಲಾತೆ, ಒತ್ತಕ್ಷರ ಕಳಚಿದ್ದು ಮಾತ್ರ ನಮ್ಮ ತಪ್ಪು. ಮುಂದೆ ವಿದ್ವಾಂಸರು ಹಳೆಯ ಪುಸ್ತಕಗಳಿಂದ ಲ್ಯಾಟಿನ್ ಪದಗಳನ್ನು ಹಾಗೆ ಹಾಗೆಯೇ ಎತ್ತಿ ತಂದದ್ದರಿಂದ ತತ್ಸಮವೂ ತದ್ಭವವೂ ಒಂದೇ ಮನೆಯಲ್ಲಿ ಸೇರಿಕೊಂಡವು. 'ಕೌಸಾ' ಬೀದಿಯಲ್ಲಿ ಸವೆದು 'ಕೋಸಾ' ಆಗಿ ಬರೇ 'ವಸ್ತು' ಎಂಬ ಅರ್ಥಕ್ಕಿಳಿಯಿತು. ಅದೇ 'ಕೌಸಾ' ಪುಸ್ತಕದಿಂದ ಮತ್ತೆ ಬಂದು 'ಕಾರಣ', 'ಮೊಕದ್ದಮೆ' ಎಂಬ ಗಂಭೀರ ಅರ್ಥ ಹೊತ್ತು ಕೂತಿದೆ. ಇನ್ನು ಪಿಪ್ಪಲಿಯ ಮಾತು ಹೇಳದೆ ಮುಂದೆ ಹೋಗಲಾರೆ. ನಮ್ಮ ಕಡೆಯಿಂದ ಹಡಗು ಹತ್ತಿದ ಆ ಹೆಸರು ಗ್ರೀಕರ ಮೂಲಕ ರೋಮಿಗೆ ಹೋಗಿ 'ಪಿಪೆರ್' ಆಯಿತು, ಇಟಲಿಯ ಅಡುಗೆಮನೆಯಲ್ಲಿ ಈಗ 'ಪೇಪೆ'. ಇಲ್ಲೇ ಉಳಿದದ್ದು ನಮ್ಮ ಪಕಾರ ಹಕಾರವಾದ ಕಾಲದಲ್ಲಿ ಹಿಪ್ಪಲಿಯಾಯಿತು.

ಇಷ್ಟೆಲ್ಲ ಬದಲಾದರೂ ಬರೆಯುವಾಗ ತಾವು ಬರೆಯುತ್ತಿರುವುದು ಲ್ಯಾಟಿನ್ ಎಂದೇ ಎಲ್ಲರೂ ಅಂದುಕೊಂಡಿದ್ದರು. ಆಲ್ಪ್ಸ್ ಪರ್ವತದ ಆಚೆ ಚಕ್ರವರ್ತಿ ಶಾರ್ಲಮೇನನ ಆಸ್ಥಾನದ ಪಂಡಿತರು ಲ್ಯಾಟಿನನ್ನು ಹಳೆಯ ಶುದ್ಧಕ್ಕೆ ಎಳೆದಾಗಲೇ ಬಿರುಕು ಕಂಡದ್ದು. ಪಾದ್ರಿ ಶುದ್ಧವಾಗಿ ಓದಿದರೆ ಜನರಿಗೆ ತಿಳಿಯದು. 813ರಲ್ಲಿ ಈಗಿನ ಫ್ರಾನ್ಸಿನ ತೂರ್ ಊರಿನಲ್ಲಿ ಸೇರಿದ ಧರ್ಮಸಭೆ, ಉಪದೇಶವನ್ನು 'ಹಳ್ಳಿಗರ ರೋಮನ್ ಮಾತಿಗೆ' ತಿರುಗಿಸಿ ಹೇಳಿ ಎಂದು ಪಾದ್ರಿಗಳಿಗೆ ಕಟ್ಟಳೆ ಮಾಡಿತು. ಇಟಲಿಯಲ್ಲಿ ಮಾತಿಗೂ ಬರಹಕ್ಕೂ ಅಷ್ಟು ದೂರ ಇರಲಿಲ್ಲ, ಬಿರುಕು ಕಾಣಲು ಇನ್ನೂ ತಡವಾಯಿತು. ಅದೇ 9ನೇ ಶತಮಾನದ ಮೊದಲ ಅರ್ಧದಲ್ಲಿ ರೋಮಿನ ಕೊಮ್ಮೊದಿಲ್ಲಾ ಎಂಬ ನೆಲದಡಿಯ ಸಮಾಧಿ ಸುರಂಗದಲ್ಲಿ ಒಬ್ಬ ಗೋಡೆಯ ಮೇಲೆ ಗೀಚಿದ: "ನೋನ್ ದಿಚೆರೆ ಇಲ್ಲೆ ಸೆಕ್ರಿತಾ ಆ ಬ್ಬೋಚೆ." ಆ ಗುಟ್ಟಿನ ಪ್ರಾರ್ಥನೆಗಳನ್ನು ಗಟ್ಟಿಯಾಗಿ ಹೇಳಬೇಡ. 'ವೋಚೆ' ಹೋಗಿ 'ಬೋಚೆ' ಆದದ್ದು ನಮ್ಮ ವನ ಬನವಾದ ಹಾಗೆ, ವಸತಿ ಬಸದಿಯಾದ ಹಾಗೆ. ಇನ್ನೂ ಸೊಗಸು ಅಲ್ಲಿಯ ಒತ್ತು. ಎರಡು ಬಕಾರಗಳಲ್ಲಿ ಒಂದು ಚಿಕ್ಕದಾಗಿ ಆಮೇಲೆ ತುರುಕಿದ್ದು. ಬರೆದು ಮುಗಿಸಿ, ಒಮ್ಮೆ ಹೇಳಿ ನೋಡಿ, 'ಇಲ್ಲ, ನಾವು ಒತ್ತಿ ಹೇಳುತ್ತೇವಲ್ಲ' ಎಂದು ತಿದ್ದಿದ ಕೈ ಅದು ಎಂದು ನನ್ನ ಕಲ್ಪನೆ. ರೋಮಿನವರು ಇಂದಿಗೂ ಅಲ್ಲಿ ಒತ್ತುತ್ತಾರೆ.

ಆಮೇಲೆ 960ರ ಮಾರ್ಚ್, ಕಾಪುವಾ ಊರಿನ ಕೋರ್ಟು. ಮೊಂತೆಕಸ್ಸೀನೊ ಮಠಕ್ಕೂ ರೊದೆಲ್‌ಗ್ರೀಮೊ ಎಂಬ ಜಮೀನ್ದಾರನಿಗೂ ಭೂಮಿಯ ತಕರಾರು. ನ್ಯಾಯಾಧೀಶ ಅರೆಕೀಸಿ. ತೀರ್ಪಿನ ಪತ್ರವೆಲ್ಲ ಲ್ಯಾಟಿನಿನಲ್ಲಿ. ನಡುವೆ ಸಾಕ್ಷಿಗಳು ಒಬ್ಬೊಬ್ಬರಾಗಿ ಬಂದು ಹೇಳಿದ ಮಾತನ್ನು ಮಾತ್ರ ಬರೆಯುವವನು ಅವರು ಆಡಿದ ಭಾಷೆಯಲ್ಲೇ ಇಳಿಸಿದ: "ಸಾವೊ ಕೊ ಕೆಲ್ಲೆ ತೆರ್ರೆ, ಪೆರ್ ಕೆಲ್ಲೆ ಫೀನಿ ಕೆ ಕಿ ಕೊಂತೆನೆ, ತ್ರೆಂತಾ ಆನ್ನಿ ಲೆ ಪೊಸ್ಸೆತ್ತೆ ಪಾರ್ತೆ ಸಾಂಕ್ತಿ ಬೆನೆದಿಕ್ತಿ." ಇಲ್ಲಿ ಹೇಳಿರುವ ಚೆಕ್ಕುಬಂದಿಯೊಳಗಿನ ಆ ಭೂಮಿಯನ್ನು ಸಂತ ಬೆನೆದಿಕ್ತನ ಪಕ್ಷದವರು ಮೂವತ್ತು ವರ್ಷ ಅನುಭವಿಸಿಕೊಂಡು ಬಂದದ್ದನ್ನು ನಾನು ಬಲ್ಲೆ. ಇಟಲಿಯ ಯಾವುದೋ ಆಡುಮಾತನ್ನು, ಇದು ಲ್ಯಾಟಿನ್ ಅಲ್ಲ ಎಂದು ಗೊತ್ತಿದ್ದೇ ಬರೆದ ಮೊದಲ ದಾಖಲೆ ಎಂದು ಇದನ್ನೇ ತೋರಿಸುತ್ತಾರೆ. ಅಲ್ಲೂ ಒಂದು ತಮಾಷೆ ಇದೆ: ಸಂತನ ಹೆಸರು ಬಂದ ಕೂಡಲೇ ಸಾಕ್ಷಿಯ ಬಾಯಲ್ಲಿ ಲ್ಯಾಟಿನಿನ ಷಷ್ಠಿ ವಿಭಕ್ತಿ ಎದ್ದು ಕೂತಿದೆ. ಹಲ್ಮಿಡಿಯ ಕಲ್ಲೂ ಭೂಮಿಯ ದಾನದ್ದೇ. ಭೂಮಿಯ ವಿಷಯ ಬಂದಾಗ ಎಲ್ಲರಿಗೂ ಅರ್ಥವಾಗುವ ಹಾಗೆ ಬರೆಯಬೇಕೆಂಬ ಬುದ್ಧಿ ಎಲ್ಲ ಕಡೆಯೂ ಒಂದೇ ತರಹ ಬರುತ್ತದೋ ಏನೋ.

ರೋಮಿಗೆ ಹೋದಾಗ ನಾನು ಮೊದಲು ಓಡಿದ್ದು ಸಾನ್ ಕ್ಲೆಮೆಂತೆ ಇಗರ್ಜಿಗೆ. ಈಗಿನ ಇಗರ್ಜಿಯ ಅಡಿಯಲ್ಲಿ ಹಳೆಯ ಇಗರ್ಜಿ, ಅದರ ಅಡಿಯಲ್ಲಿ ರೋಮನ್ ಕಾಲದ ಮನೆಗಳು. ನಡುವಿನ ಅಂತಸ್ತಿನಲ್ಲಿ 11ನೇ ಶತಮಾನದ ಕೊನೆಯ ಒಂದು ಭಿತ್ತಿಚಿತ್ರ. ಸಿಸಿನ್ನಿಯುಸ್ ಎಂಬ ಅಧಿಕಾರಿ ಸಂತ ಕ್ಲೆಮೆಂತನನ್ನು ಹಿಡಿದು ಎಳೆದು ತರಲು ಆಳುಗಳಿಗೆ ಹೇಳಿದ್ದಾನೆ. ಪವಾಡದಿಂದ ಅವರ ಕಣ್ಣಿಗೆ ಮಂಕು ಕವಿದು, ಸಂತ ಎಂದುಕೊಂಡು ಕಲ್ಲಿನ ಕಂಬವನ್ನು ಎಳೆಯುತ್ತಿದ್ದಾರೆ. ಇವತ್ತಿನ ಕಾಮಿಕ್ಸ್‌ನಂತೆ ಒಬ್ಬೊಬ್ಬರ ಪಕ್ಕದಲ್ಲಿ ಅವರ ಮಾತು. ಸಿಸಿನ್ನಿಯುಸ್ ಕೂಗುತ್ತಾನೆ: "ಫೀಲಿ ದೆ ಲೆ ಪೂತೆ, ತ್ರಾಯಿತೆ!" ಎಳೀರೋ ಸೂಳೆಮಕ್ಕಳಾ. ಒಬ್ಬ ಆಳಿಗೆ, ಹಿಂದಿನಿಂದ ಕೋಲು ಹಾಕಿ ಮೀಟೋ ಎಂದು ಅಪ್ಪಣೆ. ಇಗರ್ಜಿಯ ಗೋಡೆಯ ಮೇಲೆ! ಸಂತನ ಮಾತು ಮಾತ್ರ ಲ್ಯಾಟಿನಿನಲ್ಲಿ: ನಿಮ್ಮ ಹೃದಯ ಕಲ್ಲಾದ್ದರಿಂದ ಕಲ್ಲನ್ನೇ ಎಳೆಯಿರಿ ಎಂಬರ್ಥದ್ದು. ಒಳ್ಳೆಯವನಿಗೆ ಲ್ಯಾಟಿನ್, ಕೆಟ್ಟವರಿಗೆ ಆಡುಮಾತು. ನಮ್ಮ ನಾಟಕಗಳಲ್ಲಿ ರಾಜನಿಗೆ ಗ್ರಾಂಥಿಕ, ಹಾಸ್ಯದವನಿಗೆ ಊರಿನ ಕನ್ನಡ ಕೊಟ್ಟ ಹಾಗೆ. ಆದರೆ ಹತ್ತಿರ ಹೋಗಿ ಓದಿದರೆ ಸಂತನ ಲ್ಯಾಟಿನ್ ಕೂಡ ಕೆಟ್ಟಿದೆ. ವಿಭಕ್ತಿಗಳು ಹೊಂದುವುದಿಲ್ಲ, 'ತ್ರಾಹೆರೆ'ಯ ಹಕಾರ ಮಾಯ. ಬೈಗುಳದಲ್ಲಿ ಒಂದು ತಪ್ಪೂ ಇಲ್ಲ. ಆ ಕತ್ತಲ ಗೋಡೆಯ ಮುಂದೆ ನಾನು ಒಬ್ಬನೇ ನಕ್ಕದ್ದನ್ನು ನೋಡಿ ಪಕ್ಕದಲ್ಲಿದ್ದ ಜಪಾನಿ ದಂಪತಿ ಸ್ವಲ್ಪ ಸರಿದು ನಿಂತರು.

ಇಷ್ಟು ಸಾಕ್ಷಿಗಳು ಕಣ್ಣ ಮುಂದೆ ಇದ್ದರೂ ಇಟಲಿಯ ಪಂಡಿತರಿಗೆ ಏನಾಯಿತೆಂದು ತಿಳಿಯಲು ಬಹಳ ಕಾಲ ಹಿಡಿಯಿತು. ಫ್ಲಾರೆನ್ಸಿನ ಮಹಾಕವಿ ದಾಂತೆ 1303ರ ಸುಮಾರಿಗೆ ಆಡುಮಾತಿನ ಹಿರಿಮೆಯ ಬಗ್ಗೆ ಬರೆದ, ಅದೂ ಲ್ಯಾಟಿನಿನಲ್ಲಿ. ಲ್ಯಾಟಿನ್ ಎಂದರೆ ಪಂಡಿತರು ಕೂತು ಕಟ್ಟಿದ ವ್ಯಾಕರಣದ ಭಾಷೆ ಎಂದೇ ಅವನ ತಿಳಿವು. ಯಾವ ನಿಯಮವೂ ಇಲ್ಲದೆ ದಾದಿಯಿಂದ ಕಲಿಯುವ ಮಾತೇ ಹೆಚ್ಚಿನದು ಎಂದ. ಅಷ್ಟು ಹೇಳಿ ಇಟಲಿಯ ಹದಿನಾಲ್ಕು ಆಡುಮಾತುಗಳನ್ನು ಒಂದೊಂದಾಗಿ ಸೋಸಿ ಎಲ್ಲವನ್ನೂ ತಳ್ಳಿಹಾಕಿದ, ತನ್ನ ತೊಸ್ಕಾನಾ ಪ್ರಾಂತ್ಯದ್ದನ್ನೂ. ಅವನ ಪ್ರಕಾರ ಎಲ್ಲಕ್ಕಿಂತ ಹೊಲಸು ಯಾವುದು ಗೊತ್ತೇ? ರೋಮಿನದು!

1435ರಲ್ಲಿ ಪೋಪ್ ನಾಲ್ಕನೇ ಯುಜೀನಿಯಸ್ ಫ್ಲಾರೆನ್ಸಿನಲ್ಲಿದ್ದಾಗ ಅವನ ಕೋಣೆಯ ಹೊರಗೆ ಕಾದು ಕೂತಿದ್ದ ವಿದ್ವಾಂಸರ ನಡುವೆ ಜಗಳ ಹತ್ತಿತು. ಲಿಯೊನಾರ್ದೊ ಬ್ರೂನಿಯ ವಾದ: ನಾವು ವರ್ಷಗಟ್ಟಲೆ ಹೆಣಗಿ ಕಲಿಯುವ ಈ ವಿಭಕ್ತಿಗಳನ್ನು ಆ ಕಾಲದ ದಾದಿಯರು, ಹೆಂಗಸರು ಆಡಿದ್ದುಂಟೇ? ರೋಮಿನಲ್ಲಿ ಆಗಲೂ ಎರಡು ಭಾಷೆ ಇದ್ದಿರಲೇಬೇಕು. ಫ್ಲಾವಿಯೊ ಬಿಯೊಂದೊ ಒಪ್ಪಲಿಲ್ಲ. ಎಲ್ಲರೂ ಆಡಿದ್ದು ಒಂದೇ ಲ್ಯಾಟಿನ್, ಓದಿದವರು ಸೊಗಸಾಗಿ, ಓದದವರು ಒರಟಾಗಿ. ಅನಾಗರಿಕರು ಬಂದು ಕೆಡಿಸಿದರು ಎಂದ. ನನ್ನ ಮತ ಮುಕ್ಕಾಲು ಪಾಲು ಬಿಯೊಂದೊಗೆ, ಅನಾಗರಿಕರ ಮಾತೊಂದು ಬಿಟ್ಟು. ದಾದಿಯರಿಗೆ ಕಷ್ಟದ ವ್ಯಾಕರಣ ಬಾರದು ಎಂದ ಬ್ರೂನಿ, ಕನ್ನಡದ ಏಳು ವಿಭಕ್ತಿಯನ್ನು ಎಡವದೆ ಆಡುವ ಮೂರು ವರ್ಷದ ಮಗುವನ್ನು ನೋಡಬೇಕಿತ್ತು.

ಇಲ್ಲಿಗೆ ಕಥೆ ಮುಗಿಯಿತು ಎಂದು ನಾನೂ ಅಂದುಕೊಂಡಿದ್ದೆ. ಟುರಿನ್‌ನಲ್ಲಿ ನಮ್ಮ ಕೆಳಮನೆಯಲ್ಲಿ ಎಂಬತ್ತು ದಾಟಿದ ಒಬ್ಬ ಸಿಞೋರಾ, ಅಂದರೆ ಅಮ್ಮನವರು, ಇದ್ದರು. ಒಮ್ಮೆ ಫೋನಿನಲ್ಲಿ ತಮ್ಮ ತಂಗಿಯ ಹತ್ತಿರ ಮಾತಾಡುವಾಗ ಹಾಲಿಗೆ "ಲಾಯ್ತ್" ಎಂದದ್ದು ಕಿವಿಗೆ ಬಿತ್ತು. ಲಾತ್ತೆ ಎಲ್ಲಿ, ಲಾಯ್ತ್ ಎಲ್ಲಿ. ಕೇಳಿದರೆ ನಾಚಿಕೊಂಡು, "ಅದು ನಮ್ಮ ಮನೆಮಾತು, ಇಟಾಲಿಯನ್ ಅಲ್ಲ. ಇಟಾಲಿಯನ್ ನಾನು ಶಾಲೆಯಲ್ಲಿ ಕಲಿತದ್ದು, ಸರಿಯಾಗಿ ಬ‌ಂದದ್ದು ಟಿವಿ ನೋಡಿ" ಎಂದರು. ಟುರಿನ್ ಇರುವ ಪಿಯೆಮೊಂತೆ ಪ್ರಾಂತ್ಯದ ಆ ಮಾತು ಇಟಾಲಿಯನಿನ ಕೆಟ್ಟ ರೂಪವಲ್ಲ. ಹಾಲಿನ ಆ ಲಾಕ್ತೆ ಅಲ್ಲಿ ಅವರ ದಾರಿಯಲ್ಲಿ ಲಾಯ್ತ್ ಆಯಿತು, ಫ್ಲಾರೆನ್ಸಿನಲ್ಲಿ ಲಾತ್ತೆ ಆಯಿತು. ನಮ್ಮ ಹಾಲು ತಮಿಳಿನಲ್ಲಿ ಪಾಲ್, ತುಳುವಿನಲ್ಲಿ ಪೇರ್ ಇದ್ದ ಹಾಗೆ. ತುಳುವನ್ನು ಕೆಟ್ಟ ಕನ್ನಡ ಎಂದು ನಮ್ಮೂರಲ್ಲಿ ಹೇಳಿ ನೋಡಿ, ಗೊತ್ತಾಗುತ್ತದೆ.

ಹಾಗಾಗಿ ಲ್ಯಾಟಿನ್ ಇಟಾಲಿಯನ್ ಆಯಿತು ಎನ್ನುವುದು ಅರ್ಧ ಸತ್ಯ. ಅದು ವೆನಿಸಿನಲ್ಲಿ ಒಂದು, ನೇಪಲ್ಸಿನಲ್ಲಿ ಒಂದು, ಸಿಸಿಲಿಯಲ್ಲಿ ಒಂದು ಆಗಿ ಊರೂರಿಗೂ ಬೇರೆ ಆಯಿತು. ಅವುಗಳಲ್ಲಿ ಫ್ಲಾರೆನ್ಸಿನ ಮಾತಿಗೆ ದಾಂತೆ, ಪೆತ್ರಾರ್ಕ, ಬೊಕ್ಕಾಚೊ ಎಂಬ ಮೂವರು ದೊಡ್ಡ ಬರಹಗಾರರೂ ಸಿಕ್ಕಿದರು. 1525ರಲ್ಲಿ ಪಿಯೆತ್ರೊ ಬೆಂಬೊ ಎಂಬಾತ, ಅವನು ವೆನಿಸಿನವನು, ಬರೆಯುವುದಿದ್ದರೆ ಆಗಲೇ ಇನ್ನೂರು ವರ್ಷ ಹಳೆಯದಾಗಿದ್ದ ಪೆತ್ರಾರ್ಕ, ಬೊಕ್ಕಾಚೊರ ಹಾಗೆ ಬರೆಯಿರಿ ಎಂದ. ದಾಂತೆ ಅವನಿಗೆ ಸ್ವಲ್ಪ ಒರಟು. 1583ರಲ್ಲಿ ಫ್ಲಾರೆನ್ಸಿನಲ್ಲಿ 'ಕ್ರುಸ್ಕಾ' ಎಂಬ ಅಕಾಡೆಮಿ ಹುಟ್ಟಿತು. ಕ್ರುಸ್ಕಾ ಎಂದರೆ ತೌಡು; ತೌಡು ಜರಡಿ ಹಿಡಿದು ಶುದ್ಧ ಹಿಟ್ಟು ಉಳಿಸುವವರು ಎಂದು ಅವರ ಹೆಮ್ಮೆ. 1612ರಲ್ಲಿ ಅವರ ನಿಘಂಟು ಅಚ್ಚಾಯಿತು. ನಮ್ಮ 227 ಸಾಲಿನ ಮೇಷ್ಟ್ರು ಮತ್ತೆ ಹುಟ್ಟಿ ಬಂದಿದ್ದ. ಈ ಸಲ ಕಾವಲು ಕಾಯುತ್ತಿದ್ದುದು ಹಿಂದಿನ ಸಲ ತಾನೇ ಬೈದ ತಪ್ಪುಗಳನ್ನು. ಹೀಗೆ ಪುಸ್ತಕದಲ್ಲಿ ಹೆಪ್ಪುಗಟ್ಟಿದ್ದರಿಂದಲೇ ಇಟಲಿಯ ಹೈಸ್ಕೂಲು ಹುಡುಗರು ಇವತ್ತಿಗೂ ಅಡಿಟಿಪ್ಪಣಿ ನೋಡಿಕೊಂಡು ದಾಂತೆಯನ್ನು ಓದಿಬಿಡುತ್ತಾರೆ. ಪಂಪನ ಮುಂದೆ ನಾವು ಅಷ್ಟು ಧೈರ್ಯದಿಂದ ಕೂರಲಾರೆವು.

1861ರಲ್ಲಿ ದೇಶ ಒಂದಾದಾಗ ಆ ಪುಸ್ತಕದ ಭಾಷೆಯನ್ನು ಆಡಬಲ್ಲವರು ಎಷ್ಟಿದ್ದರು? ಭಾಷಾವಿಜ್ಞಾನಿ ತುಲ್ಲಿಯೊ ದೆ ಮೌರೊ ಅಂದಾಜಿಸಿದ್ದು ನೂರಕ್ಕೆ 2.5. ಆಮೇಲೆ ಅರ್ರಿಗೊ ಕಸ್ತೆಲ್ಲಾನಿ ಲೆಕ್ಕ ಹಿಗ್ಗಿಸಿ ನೂರಕ್ಕೆ ಹತ್ತರ ಹತ್ತಿರ ತಂದ. ಹತ್ತೇ ಎಂದುಕೊಂಡರೂ ಉಳಿದ ತೊಂಬತ್ತು ಮಂದಿಗೆ ಸ್ವಂತ ದೇಶದ ಭಾಷೆ ಪರಭಾಷೆ. ಶಾಲೆ, ಸೈನ್ಯ, ಕಾರ್ಖಾನೆಗೆ ಹೊರಟ ರೈಲು, 1954ರಲ್ಲಿ ಶುರುವಾದ ಟಿವಿ, ಇವೆಲ್ಲ ಸೇರಿ ಆ ಭಾಷೆಯನ್ನು ಮನೆಯೊಳಗೆ ತಂದವು. 1960ರಿಂದ 1968ರವರೆಗೆ ಅಲ್ಬೆರ್ತೊ ಮಾನ್ಸಿ ಎಂಬ ಮೇಷ್ಟ್ರು ಟಿವಿಯಲ್ಲೇ ಹಲಗೆ ಇಟ್ಟುಕೊಂಡು ದೊಡ್ಡವರಿಗೆ ಅಕ್ಷರ ಕಲಿಸಿದ. ನಮ್ಮ ಕೆಳಮನೆಯ ಸಿಞೋರಾ ಅವನನ್ನು ನೆನೆದಾಗ ಈಗಲೂ "ಮಾಯೆಸ್ತ್ರೊ" ಎಂದೇ ಹೇಳುತ್ತಾರೆ.

ಅಜ್ಜಿಯ ಪ್ರಾರ್ಥನೆಯ ನಡುವೆ "ಪಾನೆಮ್ ನೋಸ್ತ್ರುಮ್" ಎಂದು ಬರುತ್ತದೆ, ನಮ್ಮ ರೊಟ್ಟಿಯನ್ನು ಇಂದು ಕೊಡು ಎಂಬಲ್ಲಿ. ಆ ಮಕಾರವನ್ನು ಅವಳು ತುಟಿ ಮುಚ್ಚಿ ಹೇಳಿದವಳೇ ಅಲ್ಲ. ಕೊಂಕಣಿಯ ಅಭ್ಯಾಸ: ಪದದ ಕೊನೆಯ ಅನುಸ್ವಾರವೆಂದರೆ ಮೂಗಿನಲ್ಲಿ ಒಂದು ಗುಂಗು ಅಷ್ಟೆ. "ಪಾನೆಂ ನೋಸ್ತ್ರುಂ." ಹಿಂದೆ ಇಗರ್ಜಿಯಲ್ಲಿ ಪ್ರಾರ್ಥನೆ ಕಲಿಸುತ್ತಿದ್ದವರು ಇದಕ್ಕೆ ಗದರುತ್ತಿದ್ದರಂತೆ, ಬಾಯಿ ಸರಿಯಾಗಿ ಮುಚ್ಚು ಎಂದು. ಲ್ಯಾಟಿನಿನ ಕೊನೆಯ ಮಕಾರ ಸಿಸೆರೊನ ಕಾಲದಲ್ಲೇ ಪೂರ್ತಿ ಮಕಾರವಾಗಿರಲಿಲ್ಲ, ಸ್ವರವನ್ನು ಮೂಗಿಗೆ ಎಳೆಯುತ್ತಿದ್ದರು ಎಂದು ನಾನು ಓದಿದ್ದು ಅಜ್ಜಿ ತೀರಿಕೊಂಡ ಎಷ್ಟೋ ವರ್ಷಗಳ ಮೇಲೆ. ಅವಳ ಚೇಲಿಸ್ ಇಟಲಿಯ ಪಾದ್ರಿಗಳದು, ಅವಳ ಪಾನೆಂ ಕಿಕೆರೊನದು. ಗದರಿದವರು ಯಾರೋ, ಅವರೂ ಈಗ ಇಲ್ಲ.